ಹುಂಜದ ಕುತ್ತಿಗೆಯ ಪುಕ್ಕ

ಕಪಾಟಿನ ಮೇಲಿನ ಹಲಗೆಯಲ್ಲಿ ನಾನು ಹುಡುಕುತ್ತಿದ್ದದ್ದು ಹಳೆಯ ಕನ್ನಡಕವನ್ನು. ಕೈಗೆ ಸಿಕ್ಕಿದ್ದು ತಂಬಾಕಿನ ಒಂದು ತಗಡಿನ ಡಬ್ಬಿ. ಕನ್ನಡಕವಿಲ್ಲದೆ ಅದನ್ನು ತೆರೆಯುವುದು ಬೇಡವಿತ್ತು, ತೆರೆದೆ. ಒಳಗಿನ ಗಾಳವೊಂದು ಬೆರಳಿಗೆ ಚುಚ್ಚಿತು. ನಾನು "ಹಾ" ಎಂದದ್ದು ಕೇಳಿ ಒಳಗಿನಿಂದ ಬಂದ ನನ್ನ ಹೆಂಡತಿ ವನಜ ಡಬ್ಬಿಯೊಳಗೆ ಬಗ್ಗಿ ನೋಡಿದಳು.

"ಎಂತ ಇದ್, ಸತ್ತ ಹುಳಾನೆಲ್ಲ ಒಟ್ಟ್ ಮಾಡಿ ಇಟ್ಕಂಡಿದ್ರಿ?"

"ಹುಳ ಅಲ್ಲ, ನೊಣ. ಮೀನ್ ಹಿಡುಕ್ ಮಾಡಿದ್ದ್."

"ನೀವಾ? ಮೀನಾ?" ಎಂದವಳು ನಗುತ್ತ, "ಬಿಸಾಡುದಾ, ಇಡುದಾ ಹೇಳಿ" ಎಂದು ಪೊರಕೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ಇಡುವುದು ಎಂದೆ. ಡಬ್ಬಿಯಲ್ಲಿ ಏಳು ಸುಳ್ಳು ನೊಣಗಳಿದ್ದವು. ಗಾಳದ ಮೇಲೆ ಪುಕ್ಕ ಮತ್ತು ನೂಲು ಸುತ್ತಿ ಮಾಡುವ ಈ ನೊಣವನ್ನು ನೀರಿನ ಮೇಲೆ ಇಳಿಸಿದರೆ ಮೀನು ನಿಜವಾದ ಹುಳವೆಂದು ಬಗೆದು ಬಾಯಿ ಹಾಕಬೇಕು. ಏಳರಲ್ಲಿ ಆರರ ಪುಕ್ಕವನ್ನು ನಿಜವಾದ ಹುಳಗಳೇ ತಿಂದು ಮುಗಿಸಿದ್ದವು. ಏಳನೆಯದು ಮಾತ್ರ ಕೆಂಪಗೆ, ತುದಿಯಲ್ಲಿ ಬಿಳಿಯ ಚುಕ್ಕೆಗಳೊಂದಿಗೆ, ನಿನ್ನೆ ಕಟ್ಟಿದಂತೆ ಕೂತಿತ್ತು.

ಅದನ್ನು ಕಟ್ಟಿದವನು ನಾನು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಡೈರಿಯಲ್ಲಿಯೂ ಹಾಗೆಯೇ ಬರೆದಿದೆ. ಆದರೆ ನಾನು ನನ್ನ ನೆನಪನ್ನು ಅಷ್ಟಾಗಿ ನಂಬುವವನಲ್ಲ, ಡೈರಿಯನ್ನು ಇನ್ನೂ ಕಡಿಮೆ. ನೆನಪು ತಿಳಿಯದೆ ಸುಳ್ಳು ಹೇಳುತ್ತದೆ. ಡೈರಿ ಬರೆಯುವವನು ದೀಪ ಹಚ್ಚಿ, ಪೆನ್ನಿಗೆ ಶಾಯಿ ತುಂಬಿಸಿ, ಕೂತು ಹೇಳುತ್ತಾನೆ. ಆದ್ದರಿಂದ ಮುಂದೆ ಬರೆಯುವುದನ್ನು ನೀವು ಸ್ವಲ್ಪ ಹಿಂದೆಮುಂದೆ ನೋಡಿಯೇ ಓದಬೇಕು.

ನಾನು ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ಇಂಗ್ಲಿಷ್ ಕಲಿಸುತ್ತಿದ್ದ ಒಬ್ಬ ಪ್ರೊಫೆಸರು ಇದ್ದರು. ಬಿಳಿಯರು, ಬ್ರಹ್ಮಚಾರಿ, ಪಾಠದ ನಡುವೆ ಕಿಟಕಿಯ ಆಚೆ ನೋಡುತ್ತ ನಿಂತುಬಿಡುವವರು. ಒಂದು ರಜೆಯಲ್ಲಿ ನಾಲ್ಕು ಹುಡುಗರನ್ನು ನೀಲಗಿರಿಗೆ ಕರೆದುಕೊಂಡು ಹೋದರು. ನನ್ನನ್ನೇಕೆ ಆರಿಸಿದರೋ ತಿಳಿಯದು. ಪ್ರತಿಭೆಗೆ ಎಂದು ಆಗ ಅಂದುಕೊಂಡಿದ್ದೆ. ಸಾಮಾನು ಹೊರಲು ನನ್ನ ಹೆಗಲು ಅಗಲವಾಗಿತ್ತು ಎಂದು ಈಗ ತೋರುತ್ತದೆ.

ಅಲ್ಲಿಯ ತಣ್ಣನೆಯ ತೊರೆಯಲ್ಲಿ ಅವರು ಟ್ರೌಟ್ ಎಂಬ ಮೀನು ಹಿಡಿಯುತ್ತಿದ್ದರು. ಅವರ ದೇಶದಿಂದ ತಂದು ಬಿಟ್ಟ ಮೀನಂತೆ. ಮೊದಲ ಎರಡು ದಿನ ನಮ್ಮನ್ನು ನೀರಿನ ಹತ್ತಿರಕ್ಕೇ ಬಿಡಲಿಲ್ಲ. ಬಂಗಲೆಯ ಮುಂದಿನ ಹುಲ್ಲಿನ ಮೇಲೆ ನಿಲ್ಲಿಸಿ, ಗಾಳವಿಲ್ಲದ ದಾರವನ್ನು ಬೀಸಲು ಹೇಳಿದರು. ಬೆತ್ತದಂಥ ಸಪೂರ ಕೋಲು. ಅದಕ್ಕೆ ದಪ್ಪ ದಾರ. ಕೋಲನ್ನು ಎತ್ತಿದಾಗ ದಾರ ತಲೆಯ ಮೇಲಿಂದ ಹಿಂದಕ್ಕೆ ಹೋಗಿ ಉದ್ದಕ್ಕೆ ಚಾಚಿಕೊಳ್ಳಬೇಕು. ಆಮೇಲೆ ಮುಂದಕ್ಕೆ ಬಾಗಿಸಿದರೆ ತುದಿಯ ನೊಣ ನೀರಿನ ಮೇಲೆ ಸದ್ದಿಲ್ಲದೆ ಕೂರಬೇಕು. ಗಡಿಯಾರದ ಮುಳ್ಳು ಹತ್ತರಿಂದ ಒಂದಕ್ಕೆ ಹೋದಂತೆ ಎಂದು ಅವರು ಹೇಳಿಕೊಟ್ಟರು. ನನ್ನ ಮುಳ್ಳು ಎಲ್ಲ ಗಂಟೆಗಳನ್ನೂ ಮುಟ್ಟಿ ಬರುತ್ತಿತ್ತು. ಮೂರನೆಯ ದಿನ ತೊರೆಯ ಬಳಿ ನಾನು ಹಿಡಿದದ್ದು ಪ್ರೊಫೆಸರರ ಟೊಪ್ಪಿಯನ್ನು. ಅವರು ಅದನ್ನು ಬಿಡಿಸಿಕೊಂಡು, "ತೂಕ ಎಷ್ಟು?" ಎಂದು ಕೇಳಿದರು. ನಾನು ಅವರನ್ನು ಇಷ್ಟಪಡಲು ತೊಡಗಿದ್ದು ಆ ಕ್ಷಣದಿಂದ.

ಅವರು ಊರಿಗೆ ಮರಳುವ ಕಾಲ ಬಂದಾಗ ಆ ಕೋಲನ್ನೂ ಈ ಡಬ್ಬಿಯನ್ನೂ ನನಗೆ ಕೊಟ್ಟರು. ಇಸವಿ ನಲವತ್ತಾರೋ ನಲವತ್ತೇಳೋ ಇರಬೇಕು. "ನಿಮ್ಮ ಊರಿನಲ್ಲಿ ನದಿ ಇದೆಯೇ?" ಎಂದು ಕೇಳಿದ್ದರು. ತಲ್ಲೂರಿನವನನ್ನು ಕೇಳುವ ಮಾತೇ ಅದು! ನಮ್ಮಲ್ಲಿ ಮನೆಯ ಹಿಂದೆ ಹೊಳೆ, ಮುಂದೆ ಗದ್ದೆ, ಗದ್ದೆಯ ಆಚೆ ಮತ್ತೆ ಹೊಳೆ. ಇದೆ ಎಂದೆ. ಟ್ರೌಟ್ ಇದೆಯೇ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಊರಿಗೆ ಬರುವಾಗ ಕುಂದಾಪುರದಿಂದ ನನ್ನನ್ನು ಹೊಳೆ ದಾಟಿಸಿದವನು ದೋಣಿಯ ಶೇಷ. ನಮ್ಮ ಕಡೆಯ ಎಲ್ಲರನ್ನೂ ಅವನೇ ದಾಟಿಸುತ್ತಿದ್ದ. ಬಿಡುವಿದ್ದಾಗ ಬೀಸುಬಲೆ ಹಾಕಿ ಮೀನು ಹಿಡಿಯುತ್ತಿದ್ದ. ಕೋಲಿನ ಚೀಲವನ್ನು ನೋಡಿ, ಒಳಗೇನಿದೆ ಎಂದು ತಿಳಿಯುವವರೆಗೆ ಹುಟ್ಟು ಹಾಕಲೇ ಇಲ್ಲ. ಬಿಚ್ಚಿ ತೋರಿಸಿದೆ. ಒಂದು ನೊಣವನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ.

"ಸಣ್ಣ ಒಡೇರೆ, ಇದ್ರಂಗೆ ಮೀನ್ ತಿಂಬುದ್ ಎಂತ ಇತ್ತ್?"

"ತಿಂಬುದ್ ಎಂತದೂ ಇಲ್ಲ, ಶೇಷ. ಹುಳ ಅಂದೇಳಿ ಮೀನ್ ಮೋಸ ಹೋತ್."

ಶೇಷ ನಕ್ಕ ನಗೆಗೆ ದೋಣಿಯೇ ಅಲ್ಲಾಡಿತು. "ನಮ್ಮ್ ಹೊಳಿ ಮೀನಾ? ಸಿಗಡಿ ಹಾಕ್ರೂ ಮೂಸಿ ಕಂಡ್ ಹೋಪು ಜಾತಿ ಮಾರಾಯ್ರೆ! ಇದಕ್ ಪುಕ್ಕ ತಿನ್ಸುಕ್ ಮದ್ರಾಸಿಗ್ ಹೋಯಿ ಓದ್ಕಾ?"

ಮನೆಯಲ್ಲಿ ಅಬ್ಬಿಯೂ ಹೆಚ್ಚುಕಡಿಮೆ ಅದನ್ನೇ ಹೇಳಿದಳು. ನಮ್ಮಲ್ಲಿ ತಾಯಿಗೆ ಅಬ್ಬಿ ಎನ್ನುತ್ತೇವೆ. ಬಿ.ಎ. ಮುಗಿಸಿದ ಮಗ ಬೆಳಗ್ಗೆ ಎದ್ದು ಅಂಗಳದಲ್ಲಿ ನಿಂತು ಗಾಳಿಗೆ ದಾರ ಬೀಸುವುದನ್ನು ನೆರೆಯವರು ನೋಡಿದರೆ ಹೆಣ್ಣು ಕೊಡುವವರು ಯಾರು ಎಂಬುದು ಅವಳ ಚಿಂತೆ. ಮಾವ ಮಾತ್ರ ಏನೂ ಹೇಳಲಿಲ್ಲ. ಮಾವ ಎಂದರೆ ಅಬ್ಬಿಯ ಅಣ್ಣ, ಮನೆಯ ಯಜಮಾನ. ನಮ್ಮದು ಅಳಿಯನಿಗೆ ಮನೆತನ ಬರುವ ಕಟ್ಟು. ಅವನ ನಂತರ ನಾನು. ಹಾಗಾಗಿ ಮಾವ ನನ್ನನ್ನು ನೋಡುವಾಗ ಮುಂದೆ ಬರಲಿರುವ ಮಳೆಗಾಲವನ್ನು ನೋಡುವವನಂತೆ ನೋಡುತ್ತಿದ್ದ: ಸ್ವಲ್ಪ ಆಸೆ, ಸ್ವಲ್ಪ ಅಂಜಿಕೆ.

ಡಬ್ಬಿ ನನ್ನ ಕೈಗೆ ಬಂದಾಗ ಅದರಲ್ಲಿ ಇಪ್ಪತ್ತು ನೊಣಗಳಾದರೂ ಇದ್ದವು. ಮೊದಲನೆಯದು ತೆಂಗಿನ ಗರಿಗೆ ಹೋಯಿತು. ಎರಡನೆಯದು ಅಬ್ಬಿ ಒಣಗಲು ಹಾಕಿದ್ದ ಸೀರೆಗೆ. ಮಿಕ್ಕವುಗಳಲ್ಲಿ ಹೆಚ್ಚಿನವು ಕಾಂಡ್ಲಾ ಬೇರುಗಳಿಗೆ. ಉಪ್ಪುನೀರು ಏರುವ ದಡದಲ್ಲಿ ನೂರು ಕಾಲೂರಿ ನಿಲ್ಲುವ ಈ ಕಾಂಡ್ಲಾ ಗಿಡವನ್ನು ನೀವು ನೋಡಿರುತ್ತೀರಿ. ಮೀನುಗಳು ಇರುವುದು ಆ ಬೇರುಗಳ ಸಂದಿಯಲ್ಲಿಯೇ. ಅದರಲ್ಲೂ ಕೆಂಬೇರಿ, ಕೆಂಪು ಮೈಯ, ಸಿಡುಕು ಮೋರೆಯ ಮೀನು. ಅಬ್ಬಿ ಕೆಂಬೇರಿಗೆ ಮೆಣಸು ಅರೆದು ಹಚ್ಚಿ ಕಾವಲಿಯಲ್ಲಿ ಹಾಕಿದರೆ ಆ ಪರಿಮಳಕ್ಕೆ ನಾನು ಹೊಳೆಯ ದಡದಿಂದಲೇ ಎದ್ದು ಬರುತ್ತಿದ್ದೆ. ಅಂದರೆ ಕೆಂಬೇರಿಯನ್ನು ಹಿಡಿಯಲು ಹೋದವನು ಯಾರೋ ಹಿಡಿದ ಕೆಂಬೇರಿಯನ್ನು ತಿನ್ನಲು ಮನೆಗೆ ಮರಳುತ್ತಿದ್ದೆ.

ಶೇಷನಿಗೆ ನನ್ನ ಮೇಲೆ ಕನಿಕರ ಹುಟ್ಟಿದ್ದು ಇಂಥ ಒಂದು ಸಂಜೆ. ದೋಣಿ ಕಟ್ಟಿ ಬಂದು ನನ್ನ ಹಿಂದೆ, ದಾರಕ್ಕೆ ಸಿಕ್ಕದಷ್ಟು ದೂರದಲ್ಲಿ, ಕೂತ.

"ನೀವ್ ಬೀಸುದ್ ಕಂಡ್ರೆ ಹಾವ್ ಹೊಡ್ದಂಗ್ ಕಾಣತ್, ಒಡೇರೆ. ಎಂತಕ್ ಅಷ್ಟ್ ಅರ್ಜೆಂಟ್? ಹಿಂದ್ ಹೋದ್ದ್ ಪೂರಾ ಹೋಯ್ಲಿ. ಕಡಿಕ್ ಮುಂದ್ ತನ್ನಿ."

ತನ್ನ ಬಲೆಯನ್ನು ಹೆಗಲಿಗೆ ಹಾಕಿಕೊಂಡು ತೋರಿಸಿದ. ಸೊಂಟ ತಿರುಗಿತು, ಬಲೆಯ ಭಾರವೆಲ್ಲ ಹಿಂದಕ್ಕೆ ಹೋಗಿ ಒಂದು ಉಸಿರಿನಷ್ಟು ಹೊತ್ತು ನಿಂತಿತು, ಆಮೇಲೆ ಹೂವಿನಂತೆ ಅರಳಿ ನೀರಿಗೆ ಬಿತ್ತು. ಗಡಿಯಾರದಿಂದ ಕಲಿಯಲಾಗದ್ದನ್ನು, ಜೀವಮಾನದಲ್ಲಿ ಗಡಿಯಾರ ಕಟ್ಟದವನು ಕಲಿಸಿದ. ಅಂದು ನನ್ನ ದಾರ ಮೊದಲ ಸಲ ನೇರವಾಗಿ ಹೋಗಿ ನೊಣವನ್ನು ಬೇರಿನ ಪಕ್ಕದಲ್ಲಿ ಇಳಿಸಿತು. ಮೀನು ಬರಲಿಲ್ಲ ಎಂಬುದು ಬೇರೆ ವಿಚಾರ. ಶೇಷ, "ಹಾಂ, ಈಗ್ ಮೀನಿಗೆ ಹೆದ್ರಿಕಿ ಹೋಯ್ತ್" ಎಂದ.

ಬೀಸಲು ಬರುವ ಹೊತ್ತಿಗೆ ನೊಣಗಳು ಮುಗಿಯುತ್ತ ಬಂದಿದ್ದವು. ಹೊಸತು ಕಟ್ಟಬೇಕು. ಗಾಳ ಕುಂದಾಪುರದಲ್ಲಿ ಸಿಗುತ್ತದೆ, ನೂಲು ಅಬ್ಬಿಯ ಹೊಲಿಗೆಯ ಪೆಟ್ಟಿಗೆಯಲ್ಲಿದೆ. ಪುಕ್ಕ? ಪ್ರೊಫೆಸರರು ಹೇಳಿದ್ದು ನೆನಪಿತ್ತು, ಅಥವಾ ನೆನಪಿದೆ ಎಂದು ನನ್ನ ಅನುಕೂಲಕ್ಕೆ ಅಂದುಕೊಂಡೆ: ಹುಂಜದ ಕುತ್ತಿಗೆಯದೇ ಆಗಬೇಕು, ಸಪೂರ, ಹೊಳಪು, ಸೆಟೆದು ನಿಲ್ಲುವಂಥದ್ದು. ಕದಡಿದ ನೀರಿನಲ್ಲಿ ಕಾಣಲು ತುದಿ ಬೆಳ್ಳಗಿದ್ದರೆ ಇನ್ನೂ ಒಳ್ಳೆಯದು.

ಅಂಥ ಪುಕ್ಕ ನಮ್ಮ ಮನೆಯಲ್ಲಿಯೇ ಇತ್ತು. ಮಾವನ ಹುಂಜದ ಕುತ್ತಿಗೆಯ ಮೇಲೆ.

ಈಗ ಮಾವನ ಹುಂಜದ ಬಗ್ಗೆ ಹೇಳಬೇಕು. ಕೊಯಿಲು ಮುಗಿದ ಗದ್ದೆಗಳಲ್ಲಿ ಹುಂಜಗಳನ್ನು ಕಾದಾಡಿಸುವ ಕೋಳಿ ಅಂಕದಲ್ಲಿ ಮಾವನ ಹೆಸರು ದೊಡ್ಡದು. ಕೋಳಿ ಸಾಕಿದ್ದಕ್ಕಲ್ಲ, ಅದನ್ನು ಎಲ್ಲರೂ ಸಾಕುತ್ತಾರೆ. ಅವನ ಹೆಸರು ಎರಡು ಕಾರಣಕ್ಕೆ. ಒಂದು, ಹುಂಜದ ಕಾಲಿಗೆ ಬಾಳು ಎಂಬ ಪುಟ್ಟ ಕತ್ತಿಯನ್ನು ಕಟ್ಟುವ ಕೈ. ಅವನು ನೂಲು ಸುತ್ತಿ ಬಿಗಿದ ಬಾಳು ಕದಲಿದ್ದನ್ನು ಯಾರೂ ಕಂಡಿಲ್ಲ. ಇನ್ನೊಂದು, ಬಣ್ಣ ನೋಡುವ ಕಣ್ಣು. ಅಂಕದವರ ಲೆಕ್ಕದಲ್ಲಿ ವಾರದ ಒಂದೊಂದು ದಿನ ಒಂದೊಂದು ಬಣ್ಣದ ಕೋಳಿಗೆ ಗೆಲುವು. ಕೋಳಿಯ ಬಣ್ಣವೆಂದರೆ ನೀವು ನಾನು ಹೇಳುವ ಕೆಂಪು ಬಿಳುಪಲ್ಲ. ಕುತ್ತಿಗೆ, ಬೆನ್ನು, ರೆಕ್ಕೆ, ಕಾಲು, ಇವೆಲ್ಲವನ್ನೂ ಸೇರಿಸಿ ತೀರ್ಮಾನಿಸುವ ಬಣ್ಣ. ಕುತ್ತಿಗೆಯಲ್ಲಿ ಬಿಳಿಯ ನಾಲ್ಕು ಚುಕ್ಕೆ ಇದ್ದರೆ ಒಂದು ದಿನ, ಇಲ್ಲದಿದ್ದರೆ ಇನ್ನೊಂದು. ಬೈಂದೂರಿನ ಕಡೆಯಿಂದ, ಸಾಲಿಗ್ರಾಮದಿಂದ ಜನ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, "ಇದ್ರ ಬಣ್ಣ ಎಂತ ಹೇಳಿನಿ" ಎಂದು ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ಮಾವ ಎಲೆಯಡಿಕೆ ಹಾಕಿಕೊಂಡು, ಕೋಳಿಯನ್ನು ಬೆಳಕಿಗೆ ಹಿಡಿದು, ಕುತ್ತಿಗೆಯ ಪುಕ್ಕಗಳನ್ನು ಬಾಯಿಯಿಂದ ಊದಿ ನೋಡಿ, ಒಂದು ಮಾತು ಹೇಳುತ್ತಿದ್ದ. ಅದಕ್ಕೆ ಎರಡನೆಯ ಮಾತಿರಲಿಲ್ಲ.

ಈ ಲೆಕ್ಕದಲ್ಲಿ ಸತ್ಯವೆಷ್ಟು ಎಂದು ಕೇಳಬೇಡಿ. ತತ್ವಶಾಸ್ತ್ರವನ್ನು ಐಚ್ಛಿಕವಾಗಿ ಓದಿದ ನಾನು ಅದನ್ನು ಮೂಢನಂಬಿಕೆ ಎಂದು ಡೈರಿಯಲ್ಲಿ ಎರಡು ಕಡೆ ಬರೆದಿದ್ದೇನೆ. ಪುಕ್ಕದ ನೊಣಕ್ಕೆ ಮೀನು ಬೀಳುತ್ತದೆ ಎಂಬ ನನ್ನ ನಂಬಿಕೆಗೆ ಏನೆನ್ನಬೇಕೆಂದು ಎಲ್ಲಿಯೂ ಬರೆದಿಲ್ಲ.

ಆ ವರ್ಷದ ಹುಂಜವನ್ನು ಮಾವ ಎರಡು ವರ್ಷ ಸಾಕಿದ್ದ. ಕೆಂಪು ಮೈ, ಕುತ್ತಿಗೆಯಲ್ಲಿ ಮಾತ್ರ, ಬಗ್ಗಿ ನೋಡಿದರೆ, ತುದಿ ಬೆಳ್ಳಗಿರುವ ಒಂದಷ್ಟು ಪುಕ್ಕ. ನಾವುಂದದ ಕಡೆಯ ಗದ್ದೆಯಲ್ಲಿ ದೊಡ್ಡ ಅಂಕವಿತ್ತು, ಸೋಮವಾರದಿಂದ ನಾಲ್ಕು ದಿನ. ಮಾವನ ಲೆಕ್ಕದ ಪ್ರಕಾರ ಬಿಳಿಚುಕ್ಕೆಯ ಕೆಂಪನಿಗೆ ಸೋಮವಾರ.

ಮಾವ ಗದ್ದೆಗೆ ಹೋದ ಮಧ್ಯಾಹ್ನಗಳಲ್ಲಿ ನಾನು ಗೂಡಿನ ಬಳಿಗೆ ಹೋದೆ. ನೆನೆಸಿದ ರಾಗಿಯನ್ನು ಅಂಗೈಯಲ್ಲಿ ತೋರಿಸಿ, ಅದು ಕುಕ್ಕುತ್ತಿರುವಾಗ ಒಂದು ಪುಕ್ಕ ಕಿತ್ತೆ. ಹುಂಜ ತಲೆ ಎತ್ತಿ ನನ್ನನ್ನು ನೋಡಿತು. ನಾನು ಇನ್ನಷ್ಟು ರಾಗಿ ತೋರಿಸಿದೆ. ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಎಷ್ಟು ಕಿತ್ತೆ? ಹನ್ನೆರಡು ಎಂದು ನೆನಪು ಹೇಳುತ್ತದೆ. ನೆನಪಿಗೆ ಡಜನ್ ಲೆಕ್ಕ ಸುಲಭ. ವಾರವೊಂದರಲ್ಲಿ ಬಿಳಿತುದಿಯವು ಒಂದೂ ಉಳಿಯಲಿಲ್ಲ ಎಂಬುದಷ್ಟೇ ಖಂಡಿತ. ಕಿತ್ತ ಜಾಗ ಕಾಣದಂತೆ ಅರಸಿನ ಕಲಸಿದ ಎಣ್ಣೆ ಸವರುತ್ತಿದ್ದೆ. ಕಳ್ಳನಿಗೂ ವೈದ್ಯನಿಗೂ ನಡುವಿನ ಯಾವುದೋ ಕೆಲಸ ಅದು.

ಆದರೆ ನನಗೆ ಕಟ್ಟಲು ಬರಲಿಲ್ಲ. ಪುಕ್ಕವನ್ನು ಗಾಳಕ್ಕೆ ಸುತ್ತಿ ಗಂಟು ಹಾಕುತ್ತಿದ್ದೆ. ನಾಲ್ಕು ಸಲ ಬೀಸುವಷ್ಟರಲ್ಲಿ ಗಂಟು ಜಾರಿ ಪುಕ್ಕ ಹೊಳೆಯ ಮೇಲೆ ತೇಲಿಕೊಂಡು ಹೋಗುತ್ತಿತ್ತು. ಮಾವನ ಎರಡು ವರ್ಷದ ಸಾಕಣೆ ಹೀಗೆ ಒಂದೊಂದಾಗಿ ಇಳಿತದ ನೀರಿನೊಂದಿಗೆ ಕಡಲಿಗೆ ಸೇರಿತು.

ಅಂಕಕ್ಕೆ ಮೂರು ದಿನ ಇರುವಾಗ ಮಾವ ಹುಂಜವನ್ನು ಜಗಲಿಗೆ ತಂದು ಬೆಳಕಿಗೆ ಹಿಡಿದ. ಕುತ್ತಿಗೆಯನ್ನು ಊದಿದ. ಮತ್ತೆ ಊದಿದ. ಅಂಗಳಕ್ಕೆ ಇಳಿದು ಬಿಸಿಲಿನಲ್ಲಿ ನೋಡಿದ. ಆಮೇಲೆ ಅಬ್ಬಿಯನ್ನು ಕರೆದ.

"ಹೆಣೆ, ಇದ್ರ ಕುತ್ಗಿಯಂಗ್ ಬಿಳಿ ಇದ್ದಿತ್ತಲ್ದಾ?"

"ನಂಗೆ ಬೇರೆ ಕೆಲ್ಸ ಇಲ್ಯಾ, ಕೋಳಿ ಕುತ್ಗಿ ಕಾಂತಾ ಕೂಕಂಬುಕೆ?" ಎಂದು ಅಬ್ಬಿ ಒಳಗೆ ಹೋದಳು.

ಮಾವ ನನ್ನ ಕಡೆ ತಿರುಗಿದ. ನಾನು ಕಂಬಕ್ಕೊರಗಿ ಪುಸ್ತಕ ಹಿಡಿದಿದ್ದೆ.

"ಚಂದೂ, ನೀ ಓದ್ದವ. ಸಮ ನೆನ್ಪ್ ಮಾಡಿ ಹೇಳ್. ಬಿಳಿ ಇದ್ದಿತ್ತಾ, ಇಲ್ಯಾ?"

"ನಂಗ್ ನೆನ್ಪಿಲ್ಲೆ ಮಾವ" ಎಂದೆ.

ಜೀವನದಲ್ಲಿ ದೊಡ್ಡ ಸುಳ್ಳುಗಳನ್ನು ಹೇಳುವ ಧೈರ್ಯ ನನಗೆ ಎಂದೂ ಬಂದಿಲ್ಲ. ಇದು ಸಣ್ಣದು, ಸುಳ್ಳಿನಂತೆಯೇ ಕಾಣದ್ದು. ನೆನಪಿಲ್ಲ ಎಂದವನನ್ನು ಯಾರು ಹಿಡಿಯುತ್ತಾರೆ? ಮಾವ ಹುಂಜದ ಬೆನ್ನು ಸವರಿದ. "ಹಾಂಗಾರೆ ನಂಗೇ ಭ್ರಮಿಯಾ ಕಾಣತ್" ಎಂದ. "ಪೂರಾ ಕೆಂಪನೇ ಇದ್. ಸೋಮ್ವಾರ ಅಲ್ಲ, ಗುರುವಾರ ಬಿಡ್ಕ್."

ಗುರುವಾರ ಮಾವ ಬರಿಗೈಯಲ್ಲಿ ಬಂದ. ಸೋತ ಕೋಳಿ ಗೆದ್ದವನಿಗೆ ಹೋಗುವುದು ಅಂಕದ ಕ್ರಮ. ಎಲೆಯಡಿಕೆ ಹಾಕಿ ಉಗುಳುವಷ್ಟರಲ್ಲಿ ಮುಗಿದುಹೋಯಿತಂತೆ. ಸೋಲು ಮಾವನಿಗೆ ಹೊಸದೇನಲ್ಲ; ಅವನು ಸೋತ ದಿನಗಳಲ್ಲಿ ಮೆಟ್ಟಿಲ ಬಳಿ ಕಾಲು ತೊಳೆಯುತ್ತ ಗೆದ್ದವನ ಕೋಳಿಯನ್ನು ಹೊಗಳುವುದನ್ನು ನಾನು ಕೇಳಿದ್ದೆ. ಆ ದಿನ ಕಾಲು ತೊಳೆದು ನೇರ ಒಳಗೆ ಹೋದ. ಊಟಕ್ಕೆ ಕೂತಾಗ ಅಬ್ಬಿ, "ಹೋಯ್ಲಿ ಬಿಡ್, ಕೋಳಿ ಅಲ್ದಾ, ಇನ್ನೊಂದ್ ಸಾಕುವ" ಎಂದಳು.

"ಕೋಳಿ ಸೋತದ್ದಲ್ಲ" ಎಂದ ಮಾವ. "ಕೋಳಿ ಸಮ ಇತ್ತ್. ನನ್ನ್ ಕಣ್ಣ್ ಸೋತದ್ದ್. ಇಲ್ದಿದ್ದ್ ಬಿಳಿ ಎರ್ಡ್ ವರ್ಷ ಕಂಡಿದ್ನಲೆ ನಾನ್!"

ಆಮೇಲೆ ಬಂದವರಿಗೆ ಅವನು ಬಣ್ಣ ಹೇಳುವುದನ್ನು ನಿಲ್ಲಿಸಿದ. ಸಾಲಿಗ್ರಾಮದಿಂದ ಬಂದ ಮುದುಕರೊಬ್ಬರು ಕೋಳಿಯನ್ನು ಮುಂದೆ ಹಿಡಿದರೆ, "ನಂಗ್ ಈಗ ಸಮ ಕಾಂತಿಲ್ಲೆ, ಬೇರೆಯವ್ರತ್ರ ಕೇಣಿ" ಎಂದು ಕೈ ಮುಗಿದ. ಬಾಳು ಕಟ್ಟಲು ಕರೆ ಬಂದರೂ ಹೋಗಲಿಲ್ಲ. ಬಾಳಿನ ಪೆಟ್ಟಿಗೆ ಅಟ್ಟಕ್ಕೆ ಏರಿತು. ಮಾತ್ರವಲ್ಲ, ತನ್ನ ಕಣ್ಣನ್ನು ಪರೀಕ್ಷೆ ಮಾಡಿಕೊಳ್ಳುವ ಒಂದು ಚಟ ಹತ್ತಿತು. ಜಗಲಿಯಲ್ಲಿ ಕೂತು, "ಚಂದೂ, ಆ ದೋಣಿ ಪಟ ಬಿಳಿಯಾ, ಹಳ್ದಿಯಾ?" ಎನ್ನುವನು. ಬಿಳಿ ಎಂದರೆ, "ನಂಗೂ ಬಿಳಿಯೇ ಕಾಣತ್" ಎಂದು ಸುಮ್ಮನಾಗುವನು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ದರೆ ಮೇಲಿಪ್ಪು ದನ ಕಂದಾ, ಕಪ್ಪಾ?"

ಒಂದು ವಾಕ್ಯ ಸಾಕಿತ್ತು. ಅದನ್ನು ನಾನು ದಿನಕ್ಕೆ ಹತ್ತು ಸಲ ಮನಸ್ಸಿನಲ್ಲಿ ಹೇಳಿ ನೋಡುತ್ತಿದ್ದೆ: ಬಿಳಿ ಇದ್ದಿತ್ತ್ ಮಾವ, ನಾನೇ ಕಿತ್ತದ್ದ್. ಹೇಳಲು ಜಗಲಿಗೆ ಬಂದರೆ ಮಾವ, "ಆ ಕೊಕ್ಕರೆ ಕಾಲ್ ಯಾವ್ ಬಣ್ಣ?" ಎಂದು ಕೇಳುವನು. ನಾನು ಕೊಕ್ಕರೆಯ ಕಾಲಿನ ಬಣ್ಣ ಹೇಳಿ ಹೊಳೆಗೆ ಹೋಗುತ್ತಿದ್ದೆ. ಆ ದಿನಗಳಲ್ಲಿ ನಾನು ಬೀಸುವುದನ್ನು ಚೆನ್ನಾಗಿ ಕಲಿತೆ. ಮನೆಗೆ ಮರಳಲು ಮನಸ್ಸಿಲ್ಲದವನು ಯಾವುದನ್ನಾದರೂ ಚೆನ್ನಾಗಿಯೇ ಕಲಿಯುತ್ತಾನೆ. ಉಬ್ಬರ ನಿಂತು ಇಳಿತ ತೊಡಗುವ ಆ ಕಾಲು ಗಳಿಗೆಯಲ್ಲಿ ಕೆಂಬೇರಿ ಬೇರಿನ ಸಂದಿಯಿಂದ ಮೂತಿ ಹೊರಗಿಡುತ್ತದೆ ಎಂದು ತಿಳಿದೆ. ನನ್ನ ನೆರಳು ನೀರಿಗೆ ಬೀಳದಂತೆ ಕುಕ್ಕರಗಾಲಿನಲ್ಲಿ ಕೂತು ಬೀಸಲು ಕಲಿತೆ. ಕಟ್ಟುವುದನ್ನು ಮಾತ್ರ ಕಲಿಯಲಿಲ್ಲ. ಪುಕ್ಕಗಳು ಮುಗಿದು ಎರಡು ಉಳಿದವು.

ಇಲ್ಲಿಂದ ಮುಂದಿನದ್ದಕ್ಕೆ ನನ್ನಲ್ಲಿ ಎರಡು ಪಾಠಗಳಿವೆ. ಡೈರಿಯದು ಚಿಕ್ಕದು. "ಸಂಜೆ ಹೊಳೆಯ ದಡದಲ್ಲಿ ಮಾವನಿಗೆ ಎಲ್ಲವನ್ನೂ ಹೇಳಿದೆ. ಮನಸ್ಸು ಹಗುರವಾಯಿತು. ಅನಂತರ ನಾನೇ ಕಟ್ಟಿದ ನೊಣಕ್ಕೆ ಕೆಂಬೇರಿ ಸಿಕ್ಕಿತು." ಶಾಯಿ ಮಾಸಿಲ್ಲ, ಅಕ್ಷರ ದುಂಡಗಿದೆ. ಮದುವೆಯಾದ ಹೊಸತರಲ್ಲಿ ವನಜಳಿಗೆ ಇದನ್ನೇ ಹೇಳಿದ್ದೆ. ಮಕ್ಕಳಿಗೂ, ಸತ್ಯ ಹೇಳುವುದರ ಲಾಭಗಳ ಬಗ್ಗೆ ಮಾತು ಬಂದಾಗಲೆಲ್ಲ.

ಇನ್ನೊಂದು ಪಾಠ ಈ ಡಬ್ಬಿ ತೆರೆದ ಮೇಲೆ ಒಂದೊಂದಾಗಿ ಮೇಲೆ ಬಂದದ್ದು. ಅದರಲ್ಲಿ ನಾನು ದಡದಲ್ಲಿ ಕೂತು ಜಾರಿದ ಗಂಟನ್ನು ಮತ್ತೆ ಬಿಗಿಯುತ್ತಿದ್ದೇನೆ. ಹಿಂದೆ ಒಣ ಎಲೆಯ ಸದ್ದು. ಮಾವ ಬಂದು ಪಕ್ಕದಲ್ಲಿ ಕೂತಿದ್ದಾನೆ. ಶೇಷನ ದೋಣಿಯ ಬಣ್ಣ ಕೇಳಲು ಬಂದಿರಬೇಕು. ಕೇಳಲಿಲ್ಲ. ನನ್ನ ಕೈಯಲ್ಲಿದ್ದುದನ್ನು ನೋಡಿದ.

"ಎಂತ ಅದ್?"

"ನೊಣ."

"ಅದಲ್ಲ. ಪುಕ್ಕ."

ಕೈ ಮುಚ್ಚಿದೆ. ಮಾವ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ, ಹೆದರಿದ ಕೋಳಿಯ ಕಾಲು ಬಿಡಿಸುವಂತೆ, ನೋಯಿಸದೆ. ಪುಕ್ಕವನ್ನು ಎತ್ತಿ ಬೆಳಕಿಗೆ ಹಿಡಿದ. ಊದಿದ. ಬಿಳಿಯ ತುದಿ ಅಲುಗಾಡಿತು.

"ಅದ್ ಬೇರೆ ಕೋಳಿದ್ದ್ ಮಾವ" ಎಂದೆ. ಹೌದು, ಹಾಗೆಯೇ ಎಂದೆ. ಡೈರಿಯಲ್ಲಿ ಇಲ್ಲದ ವಾಕ್ಯ ಇದು. ಆದರೆ ನನ್ನ ಸ್ವಭಾವವನ್ನು ಬಲ್ಲ ನನಗೆ ಇದರಲ್ಲಿ ಸಂಶಯವಿಲ್ಲ.

"ಬೇರೆ ಕೋಳಿದ್ದಾ?" ಮಾವ ಪುಕ್ಕವನ್ನು ನನ್ನ ಮೂಗಿನ ಹತ್ತಿರ ತಂದ. "ಎರ್ಡ್ ವರ್ಷ ಎತ್ತಿ ಆಡ್ಸಿದ್ ಕೋಳಿ ಪುಕ್ಕ ಗುರ್ತ ಸಿಕ್ಕುದಿಲ್ಯಾ ನಂಗೆ? ಕಾಣ್, ಬುಡದಂಗ್ ಕೆಂಪ್, ಕೊಡಿಯಂಗ್ ಬಿಳಿ. ಬಿಳಿ! ಕಾಂತಾ ನಿಂಗೆ?"

"ಕಾಂತ್."

"ಬಿಳಿಯೇ ಅಲ್ದಾ?"

"ಬಿಳಿಯೇ ಮಾವ."

ಹೊಡೆಯುತ್ತಾನೆ ಎಂದುಕೊಂಡೆ. ಹೆಗಲು ಕುಗ್ಗಿಸಿದ್ದು ಈಗಲೂ ಮೈಗೆ ನೆನಪಿದೆ. ಮಾವನ ಮುಖದಲ್ಲಿ ಸಿಟ್ಟು ಬಂತು, ಬರಲಿಲ್ಲವೆಂದಲ್ಲ; ಆದರೆ ಅದು ಅರ್ಧ ದಾರಿಯಲ್ಲಿಯೇ ಎಲ್ಲಿಗೋ ತಿರುಗಿಹೋಯಿತು. ಅವನು ಎದ್ದು ನಿಂತು, ಹೊಳೆಯ ನಡುವೆ ದೋಣಿ ನಡೆಸುತ್ತಿದ್ದ ಶೇಷನಿಗೆ ಕೂಗು ಹಾಕಿದ.

"ಹ್ವಾಯ್ ಶೇಷಾ! ನನ್ನ್ ಕಣ್ಣ್ ಸಮ ಇತ್ತ್ ಮಾರಾಯ! ಬಿಳಿ ಇದ್ದಿತ್ತ್! ಈ ಪಾಪಿ ಕಿತ್ತ್ ಹಾಕದ್ದ್!"

ಶೇಷನಿಗೆ ಏನೂ ಅರ್ಥವಾಗಿರಲಾರದು. ಆದರೂ, "ಹೌದಾ ಒಡೇರೆ! ಲಾಯ್ಕ್ ಆಯ್ತ್!" ಎಂದು ನೀರಿನಾಚೆಯಿಂದ ಕೂಗಿದ. ದೋಣಿಯಲ್ಲಿದ್ದ ಹೆಂಗಸೊಬ್ಬಳು ನಕ್ಕಳು.

ಮಾವ ಮತ್ತೆ ಕೂತ. ಕಣ್ಣು ಒರೆಸಿಕೊಂಡನೆಂದು ಬರೆಯಲು ಮನಸ್ಸಾಗುತ್ತದೆ. ಅದು ನಾನು ಆಮೇಲೆ ಸೇರಿಸಿದ್ದಿರಬಹುದು, ಬಿಡುತ್ತೇನೆ. "ನೆನ್ಪಿಲ್ಲೆ ಅಂದ್ಯಲಾ ನೀನ್" ಎಂದ. "ಕದ್ದದ್ದ್ ಹೋಯ್ಲಿ, ಕೋಳಿ ಹೋದ್ದೂ ಹೋಯ್ಲಿ. ನನ್ನ್ ಕಣ್ಣ್ ಹೋಯ್ತಂದೇಳಿ ಕೂಕಂಡಿದ್ದೆ ಮಗಾ ನಾನ್. ದನದ್ ಬಣ್ಣ ಕೇಂತಿದ್ದೆ ನಿನ್ಹತ್ರ. ಆಗಳೂ ಬಾಯ್ ಬಿಡ್ಲಿಲ್ಯಲಾ."



ಇಳಿತ ತೊಡಗಿತ್ತು. ಮಾವ ನನ್ನ ಗಾಳದ ಕಡೆ ನೋಡಿ, ಹಲ್ಲಿನ ಸಂದಿಯಿಂದ ಒಂದು ಸದ್ದು ಮಾಡಿದ. "ಇದೆಂತ ಗಂಟಾ? ಹಸು ಕಟ್ಟದ್ದಾ? ತಾ ಇಲ್ಲಿ." ಜಾರಿದ ನೂಲನ್ನು ಬಿಚ್ಚಿ ಎಸೆದ. ಸೊಂಟದ ಎಲೆಯಡಿಕೆಯ ಚೀಲದಿಂದ ಮೇಣ ಹಚ್ಚಿದ ನೂಲಿನ ಉಂಡೆಯೊಂದನ್ನು ತೆಗೆದ. ಬಾಳಿನ ಪೆಟ್ಟಿಗೆ ಅಟ್ಟಕ್ಕೆ ಏರಿದರೂ ಆ ನೂಲು ಸೊಂಟ ಬಿಟ್ಟಿರಲಿಲ್ಲ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಗಾಳವನ್ನು ಹೆಬ್ಬೆರಳಿನಲ್ಲಿ ಒತ್ತಿ, ಪುಕ್ಕವನ್ನು ಸುತ್ತಿಗೊಂದು ಸುತ್ತು ಮಲಗಿಸುತ್ತ ಹೋದ. ಹುಂಜದ ಕಾಲಿಗೆ ಬಾಳು ಕಟ್ಟುವುದು ಹೀಗೆಯೇ: ನೂಲು ಬಿಗಿಯಾಗಿರಬೇಕು, ಕೋಳಿಗೆ ನೋವಾಗಬಾರದು. ಕೊನೆಗೆ ತುದಿಯನ್ನು ಸುತ್ತಿನೊಳಗೇ ತೂರಿಸಿ ಎಳೆದ. ಗಂಟು ಎಲ್ಲಿದೆ ಎಂದೇ ಕಾಣಲಿಲ್ಲ.

"ಎಂತಕ್ ಬೇಕಾರೂ ಕಟ್ಟ್" ಎಂದ. "ಹೀಂಗೆ ಕಟ್ಟ್ಕ್. ಹ್ಞೂಂ, ಬಿಡ್ ಕಾಂಬ ನಿನ್ನ್ ಕೋಳಿನ."

ಕುಕ್ಕರಗಾಲಿನಲ್ಲಿ ಕೂತು ಕೋಲು ಎತ್ತಿದೆ. ದಾರ ಹಿಂದಕ್ಕೆ ಹೋಯಿತು. ಪೂರಾ ಹೋಗಲು ಬಿಟ್ಟೆ. ಮುಂದೆ ತಂದಾಗ ಕೆಂಪು ನೊಣ ಕಾಂಡ್ಲಾ ಬೇರಿನ ಪಕ್ಕದಲ್ಲಿ, ಗಾಳಿಗೆ ಉದುರಿದ ಪುಕ್ಕದಂತೆ ಇಳಿಯಿತು. ಬಿಳಿಯ ತುದಿ ಒಂದು ಕ್ಷಣ ಕಂಡಿತು. ಆಮೇಲೆ ನೀರು ಒಡೆದು ಕೋಲು ಬಾಗಿತು.

ಕೆಂಬೇರಿ ಎಷ್ಟು ದೊಡ್ಡದಿತ್ತು ಎಂದು ಹೇಳಲಾರೆ. ಮಕ್ಕಳಿಗೆ ಹೇಳುವಾಗ ಮೊಳಕೈಯವರೆಗೆ ತೋರಿಸುತ್ತಿದ್ದೆ, ಡೈರಿಯಲ್ಲಿ ಎರಡು ಸೇರು ಎಂದಿದೆ, ಅಬ್ಬಿ ಅಂದು, "ಇದ್ ಯಾರಿಗ್ ಸಾಲತ್?" ಎಂದದ್ದೂ ನೆನಪಿದೆ. ಮರುದಿನವೇ ಮಾವ ಬಾಳಿನ ಪೆಟ್ಟಿಗೆ ಕೆಳಗಿಳಿಸಿದ. ಸಾಲಿಗ್ರಾಮದ ಮುದುಕರಿಗೆ ಹೇಳಿ ಕಳುಹಿಸಿದ. ಕೋಳಿಗೂಡಿಗೆ ಹೊಸ ಬೀಗ ಬಂತು. ಅದರ ಕೀಲಿಕೈ ಮನೆತನದ ಮಿಕ್ಕೆಲ್ಲ ಕೀಲಿಕೈಗಳೊಂದಿಗೆ ನನ್ನ ಕೈಗೆ ಬರಲು ಮುಂದೆ ಎಷ್ಟೋ ವರ್ಷ ಬೇಕಾಯಿತು. ಪ್ರೊಫೆಸರರ ಕೋಲನ್ನು ಗೆದ್ದಲು ತಿಂದಿತು. ಕುಂದಾಪುರಕ್ಕೆ ಈಗ ಸೇತುವೆಯ ಮೇಲೆ ಬಸ್ಸು ಹೋಗುತ್ತದೆ; ಶೇಷನ ದೋಣಿ ಕಟ್ಟುತ್ತಿದ್ದ ಜಾಗ ಯಾವುದೆಂದು ಮೊನ್ನೆ ನೋಡಿದೆ, ಗುರುತು ಸಿಗಲಿಲ್ಲ.

ಎರಡು ಪಾಠಗಳಲ್ಲಿ ಯಾವುದು ಸರಿ? ನೆನಪು ಡೈರಿಗಿಂತ ಚೆನ್ನಾಗಿ ಕಥೆ ಕಟ್ಟುತ್ತದೆ ಎಂಬುದನ್ನು ಮರೆಯಬಾರದು. ಹಾಗಾಗಿ ಇಂದು ಮಧ್ಯಾಹ್ನ ಕನ್ನಡಕ ಸಿಕ್ಕಿದ ಮೇಲೆ, ವನಜಳ ಹೊಲಿಗೆಯ ಸೂಜಿ ತೆಗೆದುಕೊಂಡು ಕಿಟಕಿಯ ಬಳಿ ಕೂತೆ. ಡಬ್ಬಿಯಲ್ಲಿ, ಪುಕ್ಕ ಹೋಗಿ ಅಬ್ಬಿಯ ಹೊಲಿಗೆಯ ನೂಲು ಮಾತ್ರ ಉಳಿದ, ನಾನು ಕಟ್ಟಿದ್ದೆಂದು ಖಂಡಿತವಾಗಿ ಗೊತ್ತಿರುವ ಒಂದು ನೊಣವಿತ್ತು. ಅದರ ಗಂಟಿಗೆ ಸೂಜಿ ತಾಗಿಸಿದೆ. ತಾಗಿದ್ದೇ ತಡ, ಬಿಚ್ಚಿಕೊಂಡು ಮಡಿಲಿಗೆ ಬಿತ್ತು. ಆಮೇಲೆ ಕೆಂಪನೆಯದನ್ನು ಎತ್ತಿಕೊಂಡೆ. ಗಂಟು ಹುಡುಕಿದೆ. ಸುತ್ತಿನ ಅಡಿಯಲ್ಲಿ ಸೂಜಿ ಒತ್ತಿದೆ, ಎಳೆದೆ, ಮೀಟಿದೆ. ಸೂಜಿ ಬಾಗಿತು.

"ಅದ್ರ ಹಿಂದ್ ಎಂತಕ್ ಬಿದ್ರಿ ಇವತ್?" ಎಂದು ವನಜ ಕೇಳಿದಳು.

ಹಳೆಯ ಡೈರಿಯನ್ನು ತೆಗೆದು ಆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: "ಕಟ್ಟಿದ್ದು ಮಾವ. ಹೇಳಿದ್ದು ನಾನಲ್ಲ." ಒಮ್ಮೆ ಓದಿ ನೋಡಿದೆ. ಆಮೇಲೆ ಪೆನ್ಸಿಲ್ ಇಟ್ಟು, ಪೆನ್ನು ತೆಗೆದುಕೊಂಡು, ಅವೇ ಅಕ್ಷರಗಳ ಮೇಲೆ ಶಾಯಿಯಲ್ಲಿ ತಿದ್ದಿದೆ.